ಹೆಬ್ಬಾರರ ರೇಖೆ, ಗಂಗಾವತಿಯ ಗದ್ದೆ

ಪ್ರಶ್ನೆ: ನನ್ನದು ಗಂಗಾವತಿ ತಾಲೂಕು. ಚಿತ್ರಕಲೆಯಲ್ಲಿ ಪದವಿ ಮುಗಿಸಿ ನಾಲ್ಕು ವರ್ಷವಾಯಿತು. ಕೆ.ಕೆ. ಹೆಬ್ಬಾರರ ಚಿತ್ರಗಳೆಂದರೆ ನನಗೆ ಪ್ರಾಣ. ಈಚೆಗೆ ಒಂದು ಪ್ರದರ್ಶನದಲ್ಲಿ ನಾನಿಟ್ಟಿದ್ದ ಭತ್ತ ನಾಟಿಯ ಚಿತ್ರಗಳನ್ನು ನೋಡಿದ ಹಿರಿಯ ಕಲಾವಿದರೊಬ್ಬರು, ‘ಇದರಲ್ಲಿ ಹೆಬ್ಬಾರರಿದ್ದಾರೆ, ನೀವೆಲ್ಲಿದ್ದೀರಿ?’ ಎಂದು ಕೇಳಿದರು. ಅಂದಿನಿಂದ ಬೇರೆಯವರ ಚಿತ್ರ ನೋಡುವುದನ್ನೇ ಬಿಟ್ಟಿದ್ದೇನೆ; ಆದರೂ ಹೊಸದೇನೂ ಹುಟ್ಟುತ್ತಿಲ್ಲ. ಸ್ವಂತ ಶೈಲಿ ಬರಬೇಕಾದರೆ ಪ್ರಭಾವಗಳಿಂದ ದೂರವಿರಬೇಕೆ? ಕಲಾವಿದರಿಗೆ ತಮ್ಮದೇ ಆದ ಒಂದು ಸೃಜನತತ್ವ, ಅಂದರೆ ಏನನ್ನು ಏಕೆ ಹೀಗೆ ಬರೆಯುತ್ತೇವೆ ಎಂಬ ನಿಲುವು, ಇರಬೇಕು ಎನ್ನುತ್ತಾರೆ. ಅದನ್ನು ಎಲ್ಲಿಂದ ತರುವುದು? ಮೂರು ಚಿತ್ರಗಳ ಫೋಟೊಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಮೂರು ಚಿತ್ರಗಳನ್ನು ಎರಡು ದಿನ ಎದುರಿಗಿಟ್ಟುಕೊಂಡು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ನಿಮ್ಮ ಚಿತ್ರ ನೋಡಿದ ಕೂಡಲೇ ಹೆಬ್ಬಾರರ ನೆನಪಾಗುವುದು ಸುಳ್ಳಲ್ಲ. ಆದರೆ ನೋಡುವುದನ್ನೇ ನಿಲ್ಲಿಸಿಬಿಟ್ಟದ್ದು ಈ ತೊಡಕಿಗೆ ತಕ್ಕ ಮದ್ದಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ನೀವು ಹೆಬ್ಬಾರರಿಂದ ಅತಿಯಾಗಿ ತೆಗೆದುಕೊಂಡಿದ್ದೀರಿ ಎಂದು ಅವರು ತಿಳಿದರು, ನೀವೂ ಹಾಗೆಯೇ ನಂಬಿದಿರಿ. ಬಳ್ಳಾರಿಯಲ್ಲಿ ಮೂರು ದಶಕ ಚಿತ್ರಕಲೆ ಕಲಿಸಿದ ಅನುಭವದಿಂದ ಹೇಳುವುದಾದರೆ, ನೀವು ಅವರಿಂದ ತೆಗೆದುಕೊಂಡದ್ದು ತೀರ ಕಡಿಮೆ.

ಏಕೆ ಹಾಗೆನ್ನುತ್ತೇನೆ ಎಂಬುದಕ್ಕೆ ಹೆಬ್ಬಾರರ ರೇಖೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಮುಂದೆ ಅಲ್ಲಿಯೇ ಕೆಲವು ವರ್ಷ ಕಲಿಸಿದವರು. ಆ ಶಾಲೆ ಅಂದು ಕೊಡುತ್ತಿದ್ದುದು ಯುರೋಪಿನ ವಾಸ್ತವವಾದಿ ಶಿಕ್ಷಣ: ಮೈಕಟ್ಟಿನ ಅಳತೆ, ನೆರಳು ಬೆಳಕು, ಎದುರಿಗಿರುವುದನ್ನು ಇದ್ದ ಹಾಗೆ ಇಳಿಸುವ ಕೈಚಳಕ. ಅದನ್ನು ಪೂರ್ತಿಯಾಗಿ ಕೈವಶ ಮಾಡಿಕೊಂಡ ಮೇಲೆಯೇ ಅವರಿಗೆ ಅದು ಸಾಲದೆನಿಸಿತು. ಆ ಹೊತ್ತಿಗೆ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಅವರ ಕಣ್ಣಿಗೆ ಬಿದ್ದವು. ಪ್ಯಾರಿಸ್ಸಿನಲ್ಲಿ ಕಲಿತು ಬಂದ ಅಮೃತಾ, ಫ್ರೆಂಚ್ ಚಿತ್ರಕಾರ ಗೋಗ್ಯಾನನ ಅಗಲವಾದ ಬಣ್ಣದ ಹರವುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಜಂತಾದ ಗುಹೆಗಳನ್ನು ನೋಡಿದವರು; ದಕ್ಷಿಣ ಭಾರತದ ಪ್ರವಾಸ ಮುಗಿಸಿ 1937ರಲ್ಲಿ ಇಲ್ಲಿನ ಜನರ ಚಿತ್ರಗಳನ್ನು ಬರೆದವರು. ಹೆಬ್ಬಾರರ ಆ ಕಾಲದ ಕೇರಳದ ಚಿತ್ರಗಳಲ್ಲಿ ಗೋಗ್ಯಾನನೂ ಇದ್ದಾನೆ, ಅಮೃತಾ ಅವರೂ ಇದ್ದಾರೆ, ಅಜಂತಾ ಕೂಡ ಇದೆ. ಅಂದಿನ ನೋಡುಗರಲ್ಲಿ ಯಾರಾದರೂ ‘ಇದರಲ್ಲಿ ಅಮೃತಾ ಇದ್ದಾರೆ, ನೀವೆಲ್ಲಿದ್ದೀರಿ?’ ಎಂದು ಕೇಳಿದ್ದರೆ ಅದನ್ನು ತಪ್ಪೆನ್ನುವ ಹಾಗಿರಲಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನಿಮಗೆ ಮುಖ್ಯವಾಗಬೇಕಾದ ಸಂಗತಿ. 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾನಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಅದಕ್ಕಿಂತ ದೊಡ್ಡ ಮಾತೆಂದರೆ, ಲಯ ಎಂದರೇನು ಎಂದು ತಿಳಿಯುವುದಕ್ಕಾಗಿ ಗುರುಗಳ ಬಳಿ ಕಥಕ್ ನೃತ್ಯವನ್ನು ಕಲಿತರು. ಕುಣಿಯುವವರ ಚಿತ್ರ ಬರೆಯುವ ಕಲಾವಿದರು ಸಾವಿರಾರು ಮಂದಿ ಇದ್ದಾರೆ. ಚಿತ್ರಕ್ಕಾಗಿ ತಾವೇ ಕಾಲಿಗೆ ಗೆಜ್ಜೆ ಕಟ್ಟಿದವರು ಎಷ್ಟು ಮಂದಿ ಇದ್ದಾರು? ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವ ಗಳಿಗೆಯಲ್ಲಿ ಸೊಂಟ ಎಲ್ಲಿರುತ್ತದೆ, ಕೈ ಏಳುವ ಮೊದಲು ಭುಜ ಏನು ಮಾಡುತ್ತದೆ ಎಂಬುದು ಅವರಿಗೆ ಮೈಯಿಂದಲೇ ಗೊತ್ತಿತ್ತು. ‘ಹಾಡುವ ರೇಖೆ’ ಎಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ಉಸಿರಿನಲ್ಲಿ ಇಳಿಯುವ ಗೆರೆ ಇದೆಯಲ್ಲ, ಅದರ ಹಿಂದೆ ಈ ಕಲಿಕೆ ಇದೆ. ಮುಂದೆ ವಯಸ್ಸಾದ ಮೇಲೆ ಅವರು ಮನುಷ್ಯಾಕೃತಿಯನ್ನೇ ಬಿಟ್ಟು ಅಮೂರ್ತದ ಕಡೆಗೂ ನಡೆದರು. ಹೆಸರು ತಂದ ಗೆರೆಗೇ ಅಂಟಿಕೊಂಡು ಕೂರಲಿಲ್ಲ.

ಈಗ ನಿಮ್ಮ ಚಿತ್ರಕ್ಕೆ ಬರೋಣ. ಮೊದಲ ಚಿತ್ರದಲ್ಲಿ ನಾಲ್ವರು ಹೆಂಗಸರು ಗದ್ದೆಯಲ್ಲಿ ಬಾಗಿದ್ದಾರೆ. ನಾಲ್ವರ ಬೆನ್ನೂ ಒಂದೇ ಕಮಾನು. ಕೈಗಳು ಒಂದೇ ಉದ್ದ. ತಲೆಗಳು ಒಂದೇ ಕಡೆಗೆ ತಿರುಗಿವೆ. ಈ ಬಾಗುವಿಕೆಯನ್ನು ನೀವು ಹೆಬ್ಬಾರರ ಚಿತ್ರದಿಂದ ತಂದಿದ್ದೀರಿ, ಗದ್ದೆಯಿಂದ ತಂದಿಲ್ಲ. ನಾಟಿ ನಡೆಯುವಾಗ ಬದುವಿನ ಮೇಲೆ ಒಂದು ತಾಸು ಕುಳಿತು ನೋಡಿದರೆ ಕಾಣುವುದು ಬೇರೆ. ಸಾಲಿನಲ್ಲಿರುವವರೆಲ್ಲ ಹಿಂದಕ್ಕೆ ಹೆಜ್ಜೆ ಇಡುತ್ತಿರುತ್ತಾರೆ; ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಅದರಿಂದ ನಾಲ್ಕು ಎಳೆ ಬಿಡಿಸಿ ಹೆಬ್ಬೆರಳಿನಿಂದ ಕೆಸರಿಗೆ ಒತ್ತುತ್ತದೆ. ಒಬ್ಬರು ಸಾಲು ಹಿಡಿದು ಮುಂದಾಗುತ್ತಾರೆ, ಹೊಸಬರೊಬ್ಬರು ಹಿಂದುಳಿಯುತ್ತಾರೆ, ವಯಸ್ಸಾದವರೊಬ್ಬರು ನಡುವೆ ಎದ್ದು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ, ಅಷ್ಟರಲ್ಲಿ ಬದುವಿನಿಂದ ಯಾರೋ ಎಸೆದ ಸಸಿಯ ಕಟ್ಟು ನೀರಿಗೆ ಬಿದ್ದು ಕೆಸರು ಸಿಡಿಯುತ್ತದೆ. ಅಲ್ಲಿನ ಲಯ ಒಂದೇ ಅಳತೆಯದಲ್ಲ. ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಹೊತ್ತು ನಡೆಯುತ್ತಿದ್ದು, ಸಾಲು ಮಾತ್ರ ಒಟ್ಟಾಗಿ ಹಿಂದೆ ಸರಿಯುತ್ತದೆ. ಹೆಬ್ಬಾರರು ಇಲ್ಲಿ ಕುಳಿತಿದ್ದರೆ ಹಿಡಿಯುತ್ತಿದ್ದುದು ಇದನ್ನೇ. ನೀವು ಅವರ ಉತ್ತರವನ್ನು ತೆಗೆದುಕೊಂಡಿರಿ. ಅವರು ಕೇಳಿಕೊಂಡ ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟುಬಂದಿರಿ. ತೆಗೆದುಕೊಂಡದ್ದು ಕಡಿಮೆಯಾಯಿತು ಎಂದದ್ದು ಈ ಅರ್ಥದಲ್ಲಿ.

ನಕಲು ಮಾಡುವುದನ್ನು ಹಗುರವಾಗಿ ಕಾಣಬೇಕಾಗಿಲ್ಲ. ವಿನ್ಸೆಂಟ್ ವ್ಯಾನ್ ಗೋ 1887ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಜಪಾನಿನ ಹಿರೋಶಿಗೆಯ ಮರದಚ್ಚಿನ ಚಿತ್ರಗಳನ್ನು ತೈಲವರ್ಣದಲ್ಲಿ ನಕಲು ಮಾಡಿದ. ಮುಂದೆ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ, ಹೊಲದಲ್ಲಿ ದುಡಿಯುವವರ ಚಿತ್ರಗಳಿಗೆ ಹೆಸರಾದ ಮಿಲೆಯ ಸುಮಾರು ಇಪ್ಪತ್ತು ಕೃತಿಗಳನ್ನು ತನ್ನ ಕ್ಯಾನ್ವಾಸಿಗೆ ತಂದುಕೊಂಡ. ಅವನ ಕೈಯಲ್ಲಿದ್ದುದು ಮಿಲೆಯ ಚಿತ್ರಗಳ ಕಪ್ಪುಬಿಳುಪಿನ ಅಚ್ಚುಗಳು ಮಾತ್ರ. ಆಕಾರ ಮಿಲೆಯದು, ಬಣ್ಣವನ್ನು ಮಾತ್ರ ತಾನೇ ಹುಡುಕಿಕೊಳ್ಳಬೇಕಾಗಿತ್ತು. ಬೇರೊಬ್ಬರು ರಚಿಸಿದ ಸ್ವರಗಳನ್ನು ಸಂಗೀತಗಾರ ತನ್ನ ವಾದ್ಯದಲ್ಲಿ ನುಡಿಸುವುದಕ್ಕೆ ಅವನು ಈ ಕೆಲಸವನ್ನು ಹೋಲಿಸಿ ತಮ್ಮನಿಗೆ ಬರೆದಿದ್ದಾನೆ. ನಮ್ಮ ಹಿಂದುಸ್ತಾನಿ ಗಾಯಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುರುವಿನಿಂದ ಬಂದ ಬಂದಿಶನ್ನು, ಅಂದರೆ ರಾಗದಲ್ಲಿ ಕಟ್ಟಿದ ಸಿದ್ಧ ರಚನೆಯನ್ನು, ಹಾಡುವವರನ್ನು ‘ನಿಮ್ಮದೆಲ್ಲಿದೆ?’ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ವಿಸ್ತಾರದಲ್ಲಿ ಅದು ತಾನಾಗಿ ಕೇಳಿಸುತ್ತದೆ. ಒಂದು ಪ್ರಯೋಗ ಮಾಡಿ ನೋಡಿ. ನಿಮಗೆ ಪ್ರಿಯವಾದ ಒಂದು ಹೆಬ್ಬಾರ್ ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿಕೊಳ್ಳಿ. ಅದಕ್ಕೆ ನಿಮ್ಮ ಊರಿನ ಬೆಳಕಿನ ಬಣ್ಣ ಹಾಕಿ. ಅವರ ಕರಾವಳಿಯ ಹಸಿರು ಮತ್ತು ನಮ್ಮ ಏಪ್ರಿಲ್ ತಿಂಗಳ ಬಿಸಿಲು ಒಂದೇ ಗೆರೆಯೊಳಗೆ ಕೂರಲು ಒಪ್ಪುವುದಿಲ್ಲ ಎಂಬುದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಗೆರೆಯನ್ನು ಬದಲಿಸಲೇಬೇಕಾಗುತ್ತದೆ. ಆ ಬದಲಾವಣೆ ಯಾರಿಂದಲೂ ಪಡೆದದ್ದಾಗಿರುವುದಿಲ್ಲ.

ಬಣ್ಣದ ಮಾತು ಬಂದದ್ದರಿಂದ ಇನ್ನೊಬ್ಬರನ್ನು ನೆನೆಯಬೇಕು. ಬಂಗಾಳದ ಜಾಮಿನಿ ರಾಯ್ (1887–1972) ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, ಯುರೋಪಿನ ಮಾದರಿಯ ಭಾವಚಿತ್ರಗಳನ್ನು ಬರೆದು ಜೀವನ ನಡೆಸುತ್ತಿದ್ದವರು. ಕೈಗೆ ಬಂದಿದ್ದ ಆ ವಿದ್ಯೆಯನ್ನು ಬದಿಗಿಟ್ಟು, ಕಾಳೀಘಾಟಿನ ಪಟಚಿತ್ರಗಳ ಕಡೆಗೂ ತಮ್ಮ ಹುಟ್ಟೂರಿರುವ ಬಾಂಕುರಾ ಜಿಲ್ಲೆಯ ಜನಪದ ಕಲೆಯ ಕಡೆಗೂ ತಿರುಗಿದರು. ಅವರು ತೈಲವರ್ಣ ಬಿಟ್ಟು ಮಣ್ಣು, ಮಸಿ ಮುಂತಾದ ಸ್ಥಳೀಯ ಬಣ್ಣಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿಕೊಂಡರು. ಈ ಹುಣಸೆ ಬೀಜದ ಅಂಟು ನಿಮಗೆ ಹೊಸದಾಗಿರಬಾರದು. ನಿಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ತಲೆಮಾರುಗಳಿಂದ ಬಳಸುತ್ತ ಬಂದಿರುವುದೂ ಅದನ್ನೇ. ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿಯನ್ನು ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಮೆತ್ತಿ, ಬೆಣಚುಕಲ್ಲಿನ ಪುಡಿಯ ಸರಿಯಿಂದ ಒಡವೆಗಳನ್ನು ಉಬ್ಬಿಸಿ, ಆಮೇಲೆ ಬಣ್ಣ ಕೊಡುತ್ತಾರೆ. ನೀವು ಕಿನ್ನಾಳಕ್ಕೆ ಹೋಗಿ ಬಂದಿದ್ದೀರೋ ಇಲ್ಲವೋ ಗೊತ್ತಿಲ್ಲ. ಹೋಗಿದ್ದರೂ ಗೊಂಬೆ ಕೊಳ್ಳಲು ಹೋಗಿರಬಹುದು. ಒಮ್ಮೆ ಕಣ್ಣು ಬರೆಯುವ ಹೊತ್ತಿಗೆ ಹೋಗಿ ಕುಳಿತುಕೊಳ್ಳಿ. ಮೈಬಣ್ಣ, ಸೀರೆ, ಅಂಚು, ಒಡವೆ ಎಲ್ಲ ಮುಗಿದ ಮೇಲೆ ಸಣ್ಣ ಕುಂಚದಿಂದ ಕಣ್ಣಿನ ಮೇಲ್ರೆಪ್ಪೆಯ ಗೆರೆಯನ್ನು ಎಳೆಯುವಾಗ ಬರೆಯುವವರ ಉಸಿರು ನಿಂತಿರುತ್ತದೆ. ಮೂಗಿನ ಬುಡದಿಂದ ಹೊರಟು ಕಿವಿಯ ಕಡೆಗೆ ಒಂದೇ ಸಲ ಹೋಗುವ ಆ ಗೆರೆಯಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. ಹೆಬ್ಬಾರರ ರೇಖೆಗೆ ಮನಸೋತ ನಿಮಗೆ ಅದರ ದಾಯಾದಿ ಗೆರೆಯೊಂದು ಮನೆಯ ಹತ್ತಿರದಲ್ಲೇ ಇದೆ.

ಇನ್ನೆರಡು ಸ್ಥಳಗಳ ಬಗ್ಗೆ ಸಾವಕಾಶವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ನನ್ನ ಸ್ವಂತ ಕೆಲಸದ ದಿಕ್ಕು ಬದಲಾದದ್ದು ಅಲ್ಲಿಂದ.

ಮೊದಲನೆಯದು ನದಿಯ ಆಚೆ ದಡದ ಹಂಪಿಯಲ್ಲಿ, ವಿರೂಪಾಕ್ಷ ಗುಡಿಯ ರಂಗಮಂಟಪದ ಒಳಛಾವಣಿ. ಮಂಟಪ ಕೃಷ್ಣದೇವರಾಯನ ಕಾಲದ್ದು, 1510ರ ಶಾಸನ ಅಲ್ಲಿದೆ. ಮೇಲಿನ ಚಿತ್ರಗಳು ಯಾವ ಕಾಲದವು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ನಮಗಿಲ್ಲಿ ಬೇಡ. ಗಿರಿಜಾಕಲ್ಯಾಣ, ತ್ರಿಪುರಸಂಹಾರ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರ ಮೆರವಣಿಗೆ ಇವೆಲ್ಲ ಅಲ್ಲಿವೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಇಪ್ಪತ್ತೈದರ ವಯಸ್ಸಿನಲ್ಲಿ ಕತ್ತೆತ್ತಿ ನೋಡಿ ನೋವಾಗಿ, ಜನ ಕಡಿಮೆಯಿದ್ದ ಒಂದು ಮಧ್ಯಾಹ್ನ ನೆಲಕ್ಕೆ ಬೆನ್ನು ಕೊಟ್ಟು ಮಲಗಿಬಿಟ್ಟೆ. ಆಗ ಕಂಡದ್ದು ಕಥೆಗಿಂತ ಹೆಚ್ಚಾಗಿ ಮೆರವಣಿಗೆಯ ಕಟ್ಟುವಿಕೆ. ಎಲ್ಲರೂ ಪಕ್ಕಕ್ಕೆ ತಿರುಗಿದ್ದಾರೆ, ಎಲ್ಲರ ಕಾಲೂ ಒಂದೇ ಗೆರೆಯ ಮೇಲಿದೆ, ದೂರ ಹತ್ತಿರ ಎಂಬುದಿಲ್ಲ, ನೆರಳಿಲ್ಲ, ಹಿನ್ನೆಲೆಯಲ್ಲಿ ಬೆಟ್ಟವಿಲ್ಲ ಗಿಡವಿಲ್ಲ. ಹೊತ್ತವರ ಮೊಣಕಾಲುಗಳು ಮಡಚಿಕೊಂಡಿರುವ ಅಂತರದಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿದ್ದು, ಅಷ್ಟರಿಂದಲೇ ಇಡೀ ಪಟ್ಟಿ ಮುಂದಕ್ಕೆ ನಡೆಯುತ್ತದೆ. ಕಾಲೇಜಿನಲ್ಲಿ ನಾನು ಕಷ್ಟಪಟ್ಟು ಕಲಿತಿದ್ದ, ದೂರ ಹತ್ತಿರವನ್ನು ತೋರಿಸುವ ಲೆಕ್ಕಾಚಾರ ಒಂದೂ ಇಲ್ಲದೆ ಚಲನೆ ಸಾಧ್ಯವಾಗಿತ್ತು. ನಿಮ್ಮ ನಾಟಿಯ ಸಾಲಿಗೆ ಬೇಕಾಗಿರುವುದು ಇದೇ ವಿದ್ಯೆ ಎಂದು ನನಗೆ ಅನ್ನಿಸುತ್ತದೆ.

ಎರಡನೆಯದು ಬಳ್ಳಾರಿಗೆ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಸೀಮೆಯ ಗುಡ್ಡ. ಸಾವಿರಾರು ವರ್ಷಗಳ ಹಿಂದೆ, ನವಶಿಲಾಯುಗದಲ್ಲಿ, ದನ ಸಾಕುತ್ತಿದ್ದ ಜನ ಅಲ್ಲಿನ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಎತ್ತುಗಳನ್ನು ಬಿಡಿಸಿದ್ದಾರೆ. ಬಂಡೆಯ ಕಪ್ಪು ಮೇಲ್ಪದರು ಹೋಗಿ ಒಳಗಿನ ತಿಳಿಬಣ್ಣ ಕಂಡದ್ದೇ ಅವರ ಬಣ್ಣ. ಹಿಣಿಲು ಒಂದು ಉಬ್ಬು, ಮೈ ಒಂದು ಚಾಚು, ಕಾಲುಗಳು ನಾಲ್ಕು ಕಡ್ಡಿ. ಕೋಡು ಮಾತ್ರ ಮೈಗಿಂತ ಮಿಗಿಲೆನ್ನುವ ಹಾಗೆ ಉದ್ದವಾಗಿ ಬಾಗಿದೆ. ದಿನವೂ ದನದ ಜೊತೆ ಬಾಳಿದವರಿಗೆ ಮೈಯ ಅಳತೆ ಗೊತ್ತಿರಲಿಲ್ಲವೆಂದಲ್ಲ. ದೂರದ ಗುಡ್ಡದ ನೆತ್ತಿಯಲ್ಲಿ ತನ್ನ ಎತ್ತನ್ನು ಗುರುತಿಸುವವನಿಗೆ ಮೊದಲು ಕಾಣುವುದು ಕೋಡು. ಕಂಡ ಕ್ರಮದಲ್ಲೇ ಅವನು ಹಿರಿದು ಕಿರಿದನ್ನು ನಿರ್ಧರಿಸಿದ್ದಾನೆ ಎಂಬುದು ನನ್ನ ಊಹೆ. ಅದೇ ಬಂಡೆಗಳ ಮೇಲೆ ಮುಂದಿನ ಕಾಲದವರೂ ತಮ್ಮ ಚಿತ್ರಗಳನ್ನು ಸೇರಿಸುತ್ತ ಹೋಗಿದ್ದಾರೆ. ಹಳೆಯದನ್ನು ನೋಡಿ, ಅದರ ಪಕ್ಕದಲ್ಲಿ ಜಾಗ ಹುಡುಕಿಕೊಂಡು, ತಮ್ಮ ಕೈಯಿಂದ ಕುಟ್ಟಿದ್ದಾರೆ. ಪ್ರಭಾವದ ಬಗ್ಗೆ ಯಾರಾದರೂ ವಿದ್ಯಾರ್ಥಿಗಳು ಕೇಳಿದಾಗ ಅವರನ್ನು ನಾನು ಆ ಗುಡ್ಡಕ್ಕೇ ಕರೆದೊಯ್ಯುತ್ತಿದ್ದೆ. (ಕಲ್ಲುಗಣಿಗಳ ಕಾಟದಿಂದ ಆ ಗುಡ್ಡಗಳಿಗೆ ಒದಗಿರುವ ಅಪಾಯ ಬೇರೆಯೇ ವಿಷಯ, ಆದರೆ ಅದನ್ನು ನೆನೆಯದೆ ಆ ಎತ್ತುಗಳ ಬಗ್ಗೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ.) ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಜಿಗುಟು ಮಣ್ಣು ತಂದು ನೀವು ಚಿಕ್ಕಂದಿನಲ್ಲಿ ಎತ್ತು ಮಾಡಿರುತ್ತೀರಿ. ನಿಮ್ಮ ಬೆರಳು ಮೊದಲು ಚಿವುಟಿ ಎಳೆದದ್ದು ಹಿಣಿಲನ್ನೋ ಕೋಡನ್ನೋ, ನೆನಪಿಸಿಕೊಳ್ಳಿ. ಯಾವ ಕಲಾಶಾಲೆಗೂ ಹೋಗುವ ಮುಂಚೆ ನಿಮ್ಮ ಕೈಗೆ ಗೊತ್ತಿದ್ದ ಆಯ್ಕೆ ಅದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ‘ಸ್ಥಳೀಯತೆ’ ಎಂಬ ಮಾತನ್ನು ಹಿಡಿದು ನಮ್ಮ ಭಾಗದ ಎಷ್ಟೋ ಕಲಾವಿದರು ಹಂಪಿಯ ಕಲ್ಲಿನ ರಥ, ಕನ್ನಡಿ ಹೊಲಿದ ಉಡುಪಿನ ಲಂಬಾಣಿ ಹೆಂಗಸು, ಸಂಜೆಯ ತುಂಗಭದ್ರೆ ಇವುಗಳನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ಅವು ಮಾರಾಟವಾಗುತ್ತವೆ, ಹೊಟ್ಟೆಪಾಡಿಗೆ ಬರೆಯುವವರನ್ನು ನಾನು ದೂರುವುದಿಲ್ಲ. ಆದರೆ ವಸ್ತು ನಮ್ಮ ಊರಿನದಾದ ಮಾತ್ರಕ್ಕೆ ನೋಟ ನಮ್ಮದಾಗುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕಲಾವಿದರು ಕಲಿಯಬೇಕಾದದ್ದು ಉಡುಪಿನ ಅಂದಕ್ಕಿಂತ, ಕೆಂಪಿನ ಪಕ್ಕ ನೀಲಿಯನ್ನು ಎಷ್ಟು ಅಗಲ ಬಿಡಬೇಕು ಎಂಬ ಆ ಹೆಂಗಸರ ನಿರ್ಧಾರದಲ್ಲಿದೆ. ನಿಮ್ಮ ಎರಡನೆಯ ಚಿತ್ರದ ಹಿನ್ನೆಲೆಯಲ್ಲಿ ಬೂದುಬಣ್ಣದ ಗುಡ್ಡಗಳಿವೆ. ಆನೆಗೊಂದಿ ಕಡೆಯ ಬಂಡೆಗಳು ಬೂದುಬಣ್ಣದವಲ್ಲ. ಬೆಳಿಗ್ಗೆ ಅವುಗಳಲ್ಲಿ ತೆಳು ಗುಲಾಬಿಯಿದೆ, ನಡುಹಗಲಿಗೆ ಬಣ್ಣವೆಲ್ಲ ಸುಟ್ಟು ಬಿಳಿಚಿಕೊಳ್ಳುತ್ತವೆ, ಸಂಜೆ ನೆರಳಿನ ಬದಿ ನೇರಳೆಗೆ ತಿರುಗುತ್ತದೆ. ಹಾಗೆಯೇ ನಮ್ಮ ರೈತರು ಕಪ್ಪು ಮಣ್ಣಿನದನ್ನು ಎರೆ ಎಂದೂ ಕೆಂಪು ಮಣ್ಣಿನದನ್ನು ಮಸಾರಿ ಎಂದೂ ಎರಡೇ ಮಾತಿನಲ್ಲಿ ನೆಲವನ್ನು ವಿಂಗಡಿಸಿದ್ದಾರೆ. ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲ ಮಳೆ ಬಿದ್ದ ಮರುದಿನ ಯಾವ ಕಪ್ಪು, ಒಣಗಿ ಬಿರುಕು ಬಿಟ್ಟಾಗ ಯಾವ ಕಪ್ಪು ಎಂದು ಟ್ಯೂಬಿನ ಬಣ್ಣಗಳಲ್ಲಿ ಬೆರೆಸಿ ನೋಡುವುದೇ ಒಂದು ವರ್ಷದ ಅಭ್ಯಾಸಕ್ಕೆ ಸಾಕಾಗುತ್ತದೆ.

ಸೃಜನತತ್ವವನ್ನು ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ಪ್ರದರ್ಶನದ ಕೈಪಿಡಿಗೆ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳುವ ರೂಢಿ ಬಂದ ಮೇಲೆ ಎಳೆಯರಲ್ಲಿ ಈ ಆತಂಕ ಹೆಚ್ಚಾಗಿದೆ. ಚಿತ್ರಕ್ಕಿಂತ ಮುಂಚೆ ತತ್ವ ಸಿದ್ಧವಿರಬೇಕೆಂದು ಅವರು ತಿಳಿಯುತ್ತಾರೆ. ನಾನು ಕಂಡಂತೆ ಅದು ಕೆಲಸದ ಹಿಂದೆ ಹಿಂದೆ ಬರುತ್ತದೆ, ಅದೂ ಬಹಳ ಸಲ ನಿರಾಕರಣೆಯ ರೂಪದಲ್ಲಿ. ಹೆಬ್ಬಾರರಿಗೆ ವಾಸ್ತವವಾದ ಸಾಲದೆನಿಸಿತು, ಜಾಮಿನಿ ರಾಯ್ ಅವರಿಗೆ ತೈಲವರ್ಣದ ಭಾವಚಿತ್ರ ಬೇಡವೆನಿಸಿತು. ಏನು ಬೇಕು ಎಂಬುದು ಅದಾದ ಮೇಲೆ ಎಷ್ಟೋ ವರ್ಷಗಳ ಕೆಲಸದಲ್ಲಿ ಸ್ಪಷ್ಟವಾಯಿತು. ನೀವು ಒಂದು ನೋಟ್‌ಬುಕ್ಕಿನಲ್ಲಿ, ಪ್ರತಿ ಚಿತ್ರ ಮುಗಿದಾಗ, ಯಾವ ಭಾಗವನ್ನು ಅಳಿಸಿ ಮತ್ತೆ ಬರೆದಿರಿ, ಏಕೆ ಅಳಿಸಿದಿರಿ ಎಂಬುದನ್ನು ಮಾತ್ರ ಬರೆದಿಡಿ. ಇಪ್ಪತ್ತು ಚಿತ್ರಗಳಾದ ಮೇಲೆ ಅದನ್ನು ಓದಿದರೆ, ಒಂದೇ ಬಗೆಯ ಅತೃಪ್ತಿ ಮತ್ತೆ ಮತ್ತೆ ಕಾಣುತ್ತದೆ. ಅದನ್ನು ಬೇಕಾದರೆ ತತ್ವವೆಂದು ಕರೆಯಬಹುದು.

ಕೊನೆಯದಾಗಿ ನಿಮ್ಮ ಮೂರನೆಯ ಚಿತ್ರದ ಬಗ್ಗೆ. ಅದನ್ನು ನೀವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ, ಫೋಟೊ ಕೂಡ ಓರೆಯಾಗಿ ತೆಗೆದಿದ್ದೀರಿ. ಅದರ ಎಡಮೂಲೆಯಲ್ಲಿ ಬದುವಿನ ಮೇಲೆ ಕುಳಿತು ಪಾದದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿರುವ ಮುದುಕಿಯೊಬ್ಬಳಿದ್ದಾಳೆ. ಅವಳ ಬೆನ್ನಿನ ಗೆರೆ ಎರಡು ಕಡೆ ತುಂಡಾಗಿದೆ, ಮೊಣಕಾಲು ತೀರ ದೊಡ್ಡದಾಗಿದೆ, ಕಾಲಿನ ಹೆಬ್ಬೆರಳು ಮುಖಕ್ಕಿಂತ ಹೆಚ್ಚು ಗಮನದಿಂದ ಬರೆದದ್ದಾಗಿದೆ. ಆ ಮುದುಕಿ ಹೆಬ್ಬಾರರ ಯಾವ ಚಿತ್ರದಲ್ಲೂ ಇಲ್ಲ. ಕಪ್ಪಗಲ್ಲಿನ ಎತ್ತಿನ ಕೋಡಿನ ಹಾಗೆ ನಿಮಗೆ ಅಲ್ಲಿ ಮೊಣಕಾಲು ಮತ್ತು ಪಾದ ಮೊದಲು ಕಂಡಿವೆ, ಕಂಡಷ್ಟನ್ನು ದೊಡ್ಡದು ಮಾಡಿದ್ದೀರಿ. ಈ ಸಲ ಕಾಲುವೆಗೆ ನೀರು ಬಿಟ್ಟು ನಾಟಿ ಸುರುವಾದಾಗ ಬಣ್ಣದ ಪೆಟ್ಟಿಗೆ ಒಯ್ಯಬೇಡಿ. ಇದ್ದಿಲು ಮತ್ತು ಅಗ್ಗದ ಕಾಗದ ಮಾತ್ರ ಇರಲಿ. ಕೆಲಸ ಮಾಡುವವರನ್ನು ಬಿಟ್ಟು, ದಣಿದು ಬದುವಿಗೆ ಬಂದು ಕೂತವರನ್ನು ಬರೆಯಿರಿ. ಐವತ್ತು ಹಾಳೆಗಳಾದ ಮೇಲೆ ನನಗೆ ಕಳುಹಿಸಿ, ಹೆಬ್ಬಾರರ ರೇಖಾಚಿತ್ರಗಳ ಪುಸ್ತಕವನ್ನೂ ಅಟ್ಟದಿಂದ ಕೆಳಗಿಳಿಸಿ ಮತ್ತೆ ಮೇಜಿನ ಮೇಲಿಟ್ಟುಕೊಳ್ಳಿ.